ಹಳೇ ಮಾರುತಿ 800ಗೆ ಯಾವ ಅಳತೆಯ ಟಯರ್ ಹಾಕಿಸೋದು?

"145/70 ಆರ್12 ಸಿಗಲ್ಲ ಸಾರ್, ಅದೀಗ ಬರೋದೇ ಇಲ್ಲ. ಆಲ್ಟೊದ್ದು ಹಾಕ್ಕೊಳ್ಳಿ, ಎಲ್ರೂ ಅದನ್ನೇ ಹಾಕ್ಸೋದು."

ಹಳೇ ಮಾರುತಿ 800 ಇಟ್ಟುಕೊಂಡವರು ಟಯರ್ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಕೇಳುವ ಮಾತು ಇದು. ಈಚೆಗೆ ಮೂರು ಜನ ಇದೇ ವಿಷಯ ಹಿಡಿದು ನನ್ನ ಹತ್ತಿರ ಬಂದರು. ಒಬ್ಬರಿಗೆ ಅಂಗಡಿಯವರು ಆಲ್ಟೊ ಅಳತೆ ಹಾಕಿಸಿ ಅಂದಿದ್ದಾರೆ. ಇನ್ನೊಬ್ಬರಿಗೆ ಅವರ ಭಾವಮೈದ 13 ಇಂಚಿನ ಅಲಾಯ್ ಚಕ್ರ ಪುಕ್ಕಟೆ ಕೊಡುತ್ತೇನೆ ಅಂದಿದ್ದಾನೆ. ಮೂರನೆಯವರಿಗೆ ಹಳೆಯ ಅಳತೆಯೇ ಸಿಕ್ಕಿದೆ, ಆದರೆ ಆ ಟಯರ್ ಗೋಡೌನಿನಲ್ಲಿ ಐದು ವರ್ಷ ಕೂತಿದೆ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಬೇರೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನನಗೆ ಈ ವಿಷಯ ಗೊತ್ತಾಗಿದ್ದು ಕೆಟ್ಟ ಮೇಲೆಯೇ. ನಮ್ಮ ಮನೆಯ 800 2004ರ ಗಾಡಿ, ಅಪ್ಪ ಕೊಂಡಿದ್ದು. ಕೆಲವು ವರ್ಷದ ಹಿಂದೆ ಮುಂದಿನ ಎರಡು ಟಯರ್ ಬೋಳಾದಾಗ, ಅಂಗಡಿಯವರ ಮಾತು ಕೇಳಿ ಮುಂದಕ್ಕೆ ಮಾತ್ರ ಆಲ್ಟೊ ಅಳತೆಯವನ್ನು ಹಾಕಿಸಿದೆ. ಹಿಂದೆ ಹಳೆಯ ಅಳತೆ, ಮುಂದೆ ಹೊಸ ಅಳತೆ. ಕಾರು ಮೂಗು ಎತ್ತಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಅದು ಹಾಳಾಗಿ ಹೋಗಲಿ, ಮನೆಯವರೆಲ್ಲ ಕೂತು ಆಗುಂಬೆ ಘಾಟಿ ಹತ್ತುವಾಗ ತಿರುವು ತಿರುವಿಗೂ ಚಕ್ರದ ಗೂಡಿನೊಳಗೆ ಗರ್ ಅಂತ ಸದ್ದು. ಆ ಘಾಟಿಯಲ್ಲಿ ಅಂಥ ತಿರುವು ಹದಿನಾಲ್ಕು! ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

ಟಯರ್ ಮೇಲಿನ ಅಂಕಿ

145/70 ಆರ್12 ಅಂದರೆ ಟಯರಿನ ಅಗಲ 145 ಮಿ.ಮೀ. ಆ ಅಗಲದ ಶೇ. 70ರಷ್ಟು ಅದರ ಗೋಡೆಯ ಎತ್ತರ, ಅಂದರೆ 101.5 ಮಿ.ಮೀ. 'ಆರ್' ರೇಡಿಯಲ್ ಅನ್ನೋದಕ್ಕೆ, ಅಂದರೆ ಈಗಿನ ಕಾರುಗಳಿಗೆ ಬರುವ ಬಗೆಯ ಟಯರ್. 12 ಅನ್ನೋದು ರಿಮ್ಮಿನ ಇಂಚು, ಅಂದರೆ 304.8 ಮಿ.ಮೀ. ರಿಮ್ಮಿಗೆ ಮೇಲೊಂದು ಗೋಡೆ ಕೆಳಗೊಂದು ಗೋಡೆ ಸೇರಿಸಿ. ಚಕ್ರದ ಒಟ್ಟು ಎತ್ತರ ಸುಮಾರು 508 ಮಿ.ಮೀ. ಬಂತು.

ಈ 508 ಅನ್ನೋದನ್ನು ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಲ್ಲರೂ ಅಗಲದ ಮಾತನ್ನೇ ಆಡುತ್ತಾರೆ. ಕಾರಿಗೆ ಮುಖ್ಯವಾಗಿರೋದು ಈ ಎತ್ತರ. ಗೇರು, ಸ್ಪೀಡೋಮೀಟರ್, ಬ್ರೇಕು, ಮಡ್‌ಗಾರ್ಡಿನ ಒಳಗಿನ ಜಾಗ ಎಲ್ಲವನ್ನೂ ಕಂಪನಿ ಈ ಎತ್ತರ ಇಟ್ಟುಕೊಂಡೇ ಕೂಡಿಸಿರುತ್ತದೆ. ಹೊಸ ಟಯರ್ ಇದಕ್ಕಿಂತ ಶೇ. 3ರ ಒಳಗೆ ಹೆಚ್ಚುಕಡಿಮೆ ಇದ್ದರೆ ತೊಂದರೆ ಇಲ್ಲ ಅನ್ನೋದು ಎಲ್ಲ ಕಡೆ ನಡೆದುಕೊಂಡು ಬಂದ ಲೆಕ್ಕ. 800ರ ಮಟ್ಟಿಗೆ ಅದು 493ರಿಂದ 523 ಮಿ.ಮೀ. ಒಳಗೆ.

ನಾನು ನೋಡುವ ಎರಡನೇ ಸಂಗತಿ ರಿಮ್ಮಿನ ಅಗಲ. ಟಯರ್ ಅಗಲವಾದಷ್ಟೂ ರಿಮ್ ಕೂಡ ಅಗಲ ಇರಬೇಕು. ಇಲ್ಲದಿದ್ದರೆ ಟಯರ್ ಬಲೂನಿನ ಹಾಗೆ ಉಬ್ಬಿ ನಡು ಮಾತ್ರ ಸವೆಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ರಿಮ್ಮಿನ ಅಗಲ ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತದೆ. ತುಕ್ಕು ಉಜ್ಜಿ ನೋಡಬೇಕಾಗಬಹುದು, ಅಷ್ಟೇ.

ಮೂರನೆಯದು ಭಾರ. ಅಳತೆಯ ಪಕ್ಕದಲ್ಲಿ 69, 74 ಅಂತ ಒಂದು ಅಂಕಿ ಇರುತ್ತದೆ. 69 ಅಂದರೆ ಒಂದು ಟಯರ್ 325 ಕಿಲೋ ಹೊರುತ್ತದೆ, 74 ಅಂದರೆ 375 ಕಿಲೋ. ನಿಮ್ಮ ಈಗಿನ ಟಯರಿನ ಮೇಲಿರುವ ಅಂಕಿಗಿಂತ ಇದು ಕಡಿಮೆ ಆಗಬಾರದು. ಜಾಸ್ತಿ ಆದರೆ ಪರವಾಗಿಲ್ಲ.

ನಾಲ್ಕನೆಯದು ತಾರೀಕು. ಟಯರಿನ ಗೋಡೆಯ ಮೇಲೆ ನಾಲ್ಕು ಅಂಕಿ ಒಂದು ಗೂಡಿನಲ್ಲಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಹಳೇ ಅಳತೆ ಹುಡುಕುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದುಡ್ಡಿನ ಮಾತು ಕೊನೆಗೆ. 800ರ ಟಯರುಗಳಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ದೊಡ್ಡದಲ್ಲ. ರಿಮ್ ಬದಲಿಸಲು ಹೊರಟಾಗ ಮಾತ್ರ ಜೇಬಿಗೆ ಬಿಸಿ ಮುಟ್ಟುತ್ತದೆ. ಅಂದ ಹಾಗೆ 2025ರ ಸೆಪ್ಟೆಂಬರ್ 22ರಿಂದ ಟಯರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರಪಟ್ಟಿ ತೋರಿಸಿದರೆ ಒಪ್ಪಬೇಡಿ.

ಕಂಪನಿ ಅಳತೆ: 145/70 ಆರ್12

ಇದರಲ್ಲಿ ತೂಗಿ ನೋಡೋದು ಹೆಚ್ಚೇನೂ ಇಲ್ಲ. ಎತ್ತರ ಸರಿ, ರಿಮ್ ಸರಿ, ಎಲ್ಲೂ ತಾಗುವುದಿಲ್ಲ. 800ಗೆ ಪವರ್ ಸ್ಟೀರಿಂಗ್ ಇಲ್ಲ, ಆದರೂ ಒಂದೇ ಕೈಯಲ್ಲಿ ಪಾರ್ಕಿಂಗ್ ಮಾಡಬಹುದಲ್ವಾ? ಅದಕ್ಕೆ ಈ ಸಣ್ಣ ಟಯರೂ ಒಂದು ಕಾರಣ.

ಇದರ ಕೊರತೆ ಒಂದೇ: ಅಂಗಡಿಯಲ್ಲಿ ಇರುವುದಿಲ್ಲ. ಮಾರುತಿ 800 ತಯಾರಿ ನಿಂತಿದ್ದು 2014ರ ಜನವರಿಯಲ್ಲಿ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಅದಕ್ಕೂ ಮೊದಲೇ, 2010ರಲ್ಲಿ, ಹೊಸ ಹೊಗೆ ನಿಯಮ ಬಂದಾಗ ಮಾರಾಟ ನಿಂತಿತ್ತು. ರಸ್ತೆಯಲ್ಲಿ ಗಾಡಿ ಕಡಿಮೆ ಆದಂತೆ ಅಂಗಡಿಯವರೂ ಈ ಅಳತೆಯನ್ನು ತುಂಬಿಸಿಡುವುದು ಬಿಟ್ಟರು. ಅವರ ತಪ್ಪಲ್ಲ. ಆದರೆ "ಬರೋದೇ ಇಲ್ಲ" ಅನ್ನೋ ಮಾತಿಗೆ "ನನ್ನ ಅಂಗಡಿಯಲ್ಲಿಲ್ಲ" ಅಂತ ಅರ್ಥ ಮಾಡಿಕೊಳ್ಳಿ. ನಾನು ಕೊನೆಗೆ ಈ ಅಳತೆ ಹುಡುಕಿಕೊಂಡು ಶಿವಮೊಗ್ಗದಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಮೂವರು ಇಲ್ಲ ಅಂದರು. ನಾಲ್ಕನೆಯವರು ಸ್ವಲ್ಪ ಅಡ್ವಾನ್ಸ್ ತೆಗೆದುಕೊಂಡು ಒಂಬತ್ತು ದಿನದಲ್ಲಿ ತರಿಸಿಕೊಟ್ಟರು. ಟಯರ್ ಅಂದರೆ ಹಾಲಲ್ಲ, ಇವತ್ತೇ ಬೇಕು ಅಂತಿಲ್ಲ. ಪೂರ್ತಿ ಬೋಳಾಗುವ ತನಕ ಕಾಯದೆ ಒಂದು ತಿಂಗಳು ಮೊದಲೇ ಹೇಳಿಟ್ಟರೆ ಆಯಿತು.

ತೊಂದರೆ ಬರೋದು ಅಪರೂಪದ ಅಳತೆ ಗೋಡೌನಿನ ಮೂಲೆಯಲ್ಲಿ ಕೂತಿದ್ದು ಸಿಕ್ಕಾಗ. ರಬ್ಬರ್ ಓಡಿದರೂ ಹಳೆಯದಾಗುತ್ತದೆ, ಕೂತರೂ ಹಳೆಯದಾಗುತ್ತದೆ. ವರ್ಷ ಕಳೆದಂತೆ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ನೋಡಲು ಮಾತ್ರ ಕಪ್ಪಗೆ ಹೊಳೆಯುತ್ತಿರುತ್ತದೆ, ಹೊಸ ಟಯರಿನ ಮೇಲಿರುವ ರಬ್ಬರಿನ ಮೀಸೆ ಕೂಡ ಹಾಗೇ ಇರುತ್ತದೆ. ನಮ್ಮ 800ಗಳು ವರ್ಷಕ್ಕೆ ಮೂರ್ನಾಲ್ಕು ಸಾವಿರ ಕಿ.ಮೀ. ಓಡಿದರೆ ಹೆಚ್ಚು. ಅಂದರೆ ಟಯರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಹಾಗಾಗಿ ಕೊಳ್ಳುವಾಗಲೇ ಐದು ವರ್ಷ ಕಳೆದ ಟಯರ್ ಅರ್ಧ ಬೆಲೆಗೆ ಕೊಟ್ಟರೂ ಅಗ್ಗವಲ್ಲ. ಒಂದು ವರ್ಷದ ಒಳಗಿನದು ಒಳ್ಳೆಯದು. ಒಂದೂವರೆ ವರ್ಷದ್ದಾದರೆ ಚೌಕಾಸಿ ಮಾಡಿ ತೆಗೆದುಕೊಳ್ಳಬಹುದು. ಅದರಾಚೆ ಬೇಡ.

ನನ್ನ ಬಳಿ ಬಂದ ಮೂರನೆಯವರಿಗೆ ಇದನ್ನೇ ಹೇಳಿದೆ. ಅಳತೆ ಸರಿ ಇದೆ, ಟಯರ್ ಸರಿ ಇಲ್ಲ. ಬೇರೆ ಕಡೆ ತರಿಸಿ.

ಆಲ್ಟೊ ಅಳತೆ: 145/80 ಆರ್12

ಆಲ್ಟೊದಿಂದಾಗಿ ಈ ಅಳತೆ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಓಡುವ ಮಾಲಾದ್ದರಿಂದ ತಾಜಾ ಇರುತ್ತದೆ. ಅದೇ ರಿಮ್ಮಿಗೆ ಸಲೀಸಾಗಿ ಕೂರುತ್ತದೆ. ಭಾರದ ಅಂಕಿಯೂ ಜಾಸ್ತಿ. ಹಾಗಾದರೆ ಬೇಡ ಅನ್ನೋದು ಯಾಕೆ?

ಲೆಕ್ಕ ಹಾಕಿ. 145ರ ಶೇ. 80 ಅಂದರೆ 116 ಮಿ.ಮೀ. ಗೋಡೆ. ಒಟ್ಟು ಎತ್ತರ ಸುಮಾರು 537. ಮೂಲಕ್ಕಿಂತ 29 ಮಿ.ಮೀ. ಅಥವಾ ಶೇ. 5.7 ಜಾಸ್ತಿ. ಆ ಶೇ. 3ರ ಗೆರೆಯನ್ನು ಆರಾಮಾಗಿ ದಾಟಿತು.

ಅದರಿಂದ ಏನಾಗುತ್ತದೆ? ಮೀಟರು 80 ತೋರಿಸುವಾಗ ಮೊದಲಿಗಿಂತ ನಾಲ್ಕೂವರೆ ಕಿ.ಮೀ. ಜಾಸ್ತಿ ವೇಗದಲ್ಲಿ ಇರುತ್ತೀರಿ. ಕಂಪನಿಯ ಮೀಟರ್ ಸಾಮಾನ್ಯವಾಗಿ ತುಸು ಏರಿಸಿಯೇ ತೋರಿಸುತ್ತದೆ, ಹಾಗಾಗಿ ಇದೊಂದು ದೊಡ್ಡ ಅಪಾಯವಲ್ಲ. ಆದರೂ ಗೊತ್ತಿರಲಿ. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುವುದರಿಂದ ಎಳೆಯುವ ಶಕ್ತಿ ಶೇ. 5ರಷ್ಟು ಇಳಿಯುತ್ತದೆ. ಊರೊಳಗೆ ಗೊತ್ತಾಗುವುದಿಲ್ಲ. ಇರೋದೇ 796 ಸಿಸಿ ಎಂಜಿನ್, ಅದರಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಹಲಸಿನ ಹಣ್ಣು, ಎದುರಿಗೆ ಘಾಟಿ. ಆಗ ಗೊತ್ತಾಗುತ್ತದೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಬೇಕಾಗುತ್ತದೆ.

ಒಂದು ತಮಾಷೆ ಕೂಡ ಇದೆ. ಕಿ.ಮೀ. ಮೀಟರು ಓಡಿದ್ದಕ್ಕಿಂತ ಕಡಿಮೆ ಎಣಿಸುತ್ತದೆ. ನಿಜವಾಗಿ ಲೀಟರಿಗೆ 18 ಕೊಟ್ಟರೂ ನಿಮ್ಮ ಲೆಕ್ಕದಲ್ಲಿ 17 ಬರುತ್ತದೆ. ಆಮೇಲೆ ನಾನು ಹಿಂದಕ್ಕೂ ಇದನ್ನೇ ಹಾಕಿಸಿ, ನಾಲ್ಕಕ್ಕೂ ಈ ಅಳತೆ ಇಟ್ಟು ಓಡಿಸಿದ ಆರು ತಿಂಗಳಲ್ಲಿ ಮೈಲೇಜ್ ಬಿದ್ದಿದೆ ಅಂತ ಎರಡು ಸಲ ಸುಮ್ನೆ ಮೆಕ್ಯಾನಿಕ್ ಹತ್ತಿರ ಹೋಗಿ ಬಂದೆ.

ಇನ್ನು ತಾಗುವ ಸಮಸ್ಯೆ. ಇದು ಎಲ್ಲ 800ರಲ್ಲೂ ಒಂದೇ ರೀತಿ ಇರುವುದಿಲ್ಲ. ಹಳೇ ಗಾಡಿಯ ಸ್ಪ್ರಿಂಗ್ ಎಷ್ಟು ಕುಸಿದಿದೆ, ಮಡ್‌ಫ್ಲಾಪ್ ಎಲ್ಲಿದೆ, ಯಾವಾಗಲೋ ಆಕ್ಸಿಡೆಂಟ್ ಆಗಿ ತಗಡು ತಟ್ಟಿಸಿದ್ದಾರಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪಕ್ಕದ ಮನೆಯವರ ಗಾಡಿಯಲ್ಲಿ ತಾಗದೆ ಇದ್ದಿದ್ದು ನಿಮ್ಮದರಲ್ಲಿ ತಾಗಬಹುದು. ಹಾಗಾಗಿ ನಾಲ್ಕನ್ನೂ ಹಾಕಿಸುವ ಮೊದಲು ಮುಂದಿನ ಎರಡನ್ನು ಮಾತ್ರ ಕೂರಿಸಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಒಂದು ಹಂಪ್ ದಾಟಿಸಿ ನೋಡಿ. ಅಂಗಡಿಯವರು ಇದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಈ ಅಳತೆಯನ್ನು ಪೂರ್ತಿ ತಳ್ಳಿಹಾಕಲಾರೆ. ಎತ್ತರ ಜಾಸ್ತಿಯಾದರೆ ಕಾರು ನೆಲದಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ ಬರುತ್ತದೆ. ಎತ್ತರದ ಗೋಡೆ ಗುಂಡಿಯ ಪೆಟ್ಟನ್ನು ಚೆನ್ನಾಗಿ ನುಂಗುತ್ತದೆ. ತೋಟದ ಮನೆ, ಮಣ್ಣಿನ ದಾರಿ, ನಡುವೆ ಕಲ್ಲು ಎದ್ದ ಎರಡು ಗಾಲಿಯ ಜಾಡು, ಇಂಥ ಕಡೆ ಇದು ಸಣ್ಣ ಲಾಭವಲ್ಲ. ನನ್ನನ್ನು ಕೇಳಿದ ಮೊದಲನೆಯವರು ಕೊಪ್ಪದ ಕಡೆಯ ತೋಟದವರು. ಹೈವೇ ಮುಖ ನೋಡುವುದು ತಿಂಗಳಿಗೊಮ್ಮೆ. ಅವರಿಗೆ ತಾಗದಿದ್ದರೆ ಹಾಕಿಸಿ ಅಂದೆ. ಜೊತೆಗೆ ಎರಡು ಮಾತು ಸೇರಿಸಿದೆ: ನಾಲ್ಕೂ ಒಂದೇ ಅಳತೆ ಇರಲಿ, ಸ್ಟೆಪ್ನಿಯೂ ಅದೇ ಇರಲಿ. ಸ್ಟೆಪ್ನಿ ಸಣ್ಣದಿದ್ದು ಮುಂದಿನ ಚಕ್ರ ಪಂಕ್ಚರ್ ಆದರೆ ಕಾರು ಒಂದೇ ಕಡೆ ಎಳೆಯುತ್ತದೆ.

ಸ್ವಲ್ಪ ಅಗಲ: 155/65 ಆರ್12

ಕಾಗದದ ಮೇಲೆ ಇದಕ್ಕಿಂತ ಚೆಂದದ ಅಳತೆ ಇಲ್ಲ. ಎತ್ತರ 506 ಮಿ.ಮೀ., ಮೂಲದಷ್ಟೇ ಅನ್ನಬಹುದು. ಅಗಲ 10 ಮಿ.ಮೀ. ಜಾಸ್ತಿ.

ಆದರೆ ಎರಡು ತೊಡಕು. ಈ ಅಗಲಕ್ಕೆ ರಿಮ್ ಕನಿಷ್ಠ ನಾಲ್ಕೂವರೆ ಇಂಚು ಅಗಲ ಇರಬೇಕು. ನಿಮ್ಮ ರಿಮ್ಮಿನ ಮೇಲೆ 4.00 ಅಂತ ಒತ್ತಿದ್ದರೆ ಈ ಟಯರ್ ಆಸೆ ಬಿಡಿ. ಎರಡನೆಯದು, ಇದನ್ನು ಹುಡುಕೋದು ಮೂಲ ಅಳತೆ ಹುಡುಕೋದಕ್ಕಿಂತ ಕಷ್ಟ. ಇನ್ನು ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅಗಲದ ಟಯರ್ ಹಾಕಿದರೆ ನಿಂತಲ್ಲೇ ತಿರುಗಿಸುವಾಗ ತೋಳಿಗೆ ಗೊತ್ತಾಗುತ್ತದೆ. ಅಮ್ಮನೋ ಅತ್ತೆಯೋ ಓಡಿಸುವ ಗಾಡಿಯಾದರೆ ಅವರನ್ನೂ ಒಂದು ಮಾತು ಕೇಳಿ.

13 ಇಂಚಿನ ಚಕ್ರ

ಭಾವಮೈದ ಅಲಾಯ್ ಕೊಡುತ್ತೇನೆ ಅಂದವರ ವಿಷಯಕ್ಕೆ ಬರೋಣ. 13 ಇಂಚಿಗೆ ಸುಲಭವಾಗಿ ಸಿಗುವ ಸಣ್ಣ ಅಳತೆ ಎರಡು: 145/70 ಆರ್13 ಮತ್ತು 155/65 ಆರ್13. ಮೊದಲನೆಯದರ ಎತ್ತರ 533 ಮಿ.ಮೀ., ಎರಡನೆಯದು 532. ಎರಡೂ 800ಗೆ ಶೇ. 5ರ ಆಸುಪಾಸು ಜಾಸ್ತಿ. ಅಂದರೆ ಆಲ್ಟೊ ಅಳತೆಯ ಎಲ್ಲ ತೊಂದರೆಯೂ ಇದೆ, ಗುಂಡಿ ನುಂಗುವ ಆ ಎತ್ತರದ ಗೋಡೆಯ ಲಾಭ ಮಾತ್ರ ಇಲ್ಲ. ಲೆಕ್ಕಕ್ಕೆ ಹೊಂದುವುದು 155/60 ಆರ್13, ಎತ್ತರ 516. ನಾನು ಕೇಳಿದ ಯಾವ ಅಂಗಡಿಯಲ್ಲೂ ಅದು ಇರಲಿಲ್ಲ.

ಮೇಲೆ ರಿಮ್ಮಿನ ತಾಪತ್ರಯ. ಬೋಲ್ಟುಗಳ ನಡುವಿನ ಅಳತೆ ಹೊಂದಬೇಕು, ನಡುವಿನ ತೂತು ಹೊಂದಬೇಕು, ರಿಮ್ ಹೊರಗೆ ಜಾಸ್ತಿ ಚಾಚಬಾರದು. ಚಾಚಿದರೆ ವೀಲ್ ಬೇರಿಂಗಿಗೆ ಪೆಟ್ಟು. ಬೋಲ್ಟ್ ತೂತು ಸ್ವಲ್ಪ ದೊಡ್ಡದು ಮಾಡಿ ಕೂರಿಸಿಕೊಡ್ತೀನಿ ಅನ್ನುವವರು ಸಿಗುತ್ತಾರೆ. ಅಂಥವರಿಂದ ಕಾರು ತೆಗೆದುಕೊಂಡು ಬಂದುಬಿಡಿ.

ಪುಕ್ಕಟೆ ಬಂದ ಅಲಾಯ್ ಚಕ್ರವನ್ನು ಬೇಡ ಅನ್ನೋದು ಕಷ್ಟ, ನನಗೂ ಗೊತ್ತು. ಆದರೂ ಅವರಿಗೆ ಬೇಡ ಅಂದೆ. ಅವರ ಮನೆಯಲ್ಲಿ ಹಳೇ ಆಲ್ಟೊ ಕೂಡ ಇದೆ ಅಂತ ಆಮೇಲೆ ಗೊತ್ತಾಯಿತು. ಅದರ ಕಥೆ ಬೇರೆ. ಆಲ್ಟೊದ ಮೂಲ ಎತ್ತರವೇ 537. ಅದಕ್ಕೆ 155/65 ಆರ್13 ಶೇ. 1ರಷ್ಟೇ ಕಡಿಮೆ. 2010ರಲ್ಲಿ ಬಂದ ಆಲ್ಟೊ ಕೆ10ಗೆ ಕಂಪನಿಯೇ ಈ ಅಳತೆ ಕೊಟ್ಟಿತ್ತು. ಬೋಲ್ಟ್ ಹೊಂದಿದರೆ ಅದಕ್ಕೆ ಹಾಕಿಸಿ ಅಂದೆ. ಹಳೇ ಝೆನ್ ಇಟ್ಟುಕೊಂಡವರಿಗೂ ಇದೇ ಲೆಕ್ಕ. ಝೆನ್ನಿನ ಮೂಲ ಅಳತೆ 145/70 ಆರ್13 ಆದ್ದರಿಂದ 155/65 ಆರ್13 ಎತ್ತರದಲ್ಲಿ ಒಂದೂವರೆ ಮಿ.ಮೀ. ಮಾತ್ರ ಕಡಿಮೆ. ರಿಮ್ ಅಗಲ ಒಂದನ್ನು ನೋಡಿಕೊಂಡರೆ ಸಾಕು. ಪ್ರೀಮಿಯರ್ ಪದ್ಮಿನಿಯವರ 5.20-14 ಅಳತೆ ಬೇರೆಯೇ ಕಾಲದ್ದು. ಅವರಿಗೆ ಒಂದೇ ಎಚ್ಚರಿಕೆ: ಹಳೇ ನೈಲಾನ್ ಟಯರ್ ಎರಡು, ರೇಡಿಯಲ್ ಎರಡು ಅಂತ ಬೆರೆಸಬೇಡಿ.

ಟ್ಯೂಬ್, ಕಾಗದಪತ್ರ, ಮತ್ತೆ ದುಡ್ಡು

ಯಾವ ಅಳತೆ ಆರಿಸಿದರೂ ಈ ಪ್ರಶ್ನೆ ಎದುರಾಗುತ್ತದೆ: ಟ್ಯೂಬ್‌ಲೆಸ್ ಹಾಕಿಸೋದಾ? ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ಮಿನ ಒಳಗೆ ಸುತ್ತಲೂ ಒಂದು ಸಣ್ಣ ಉಬ್ಬು ಇರುತ್ತದೆ. ತಿರುವಿನಲ್ಲಿ ಟಯರಿನ ಅಂಚು ಜಾರದ ಹಾಗೆ ಹಿಡಿಯೋದು ಅದೇ. ಹಳೇ ರಿಮ್ಮಿನಲ್ಲಿ ಆ ಉಬ್ಬು ಇದೆಯಾ ಅಂತ ಟಯರ್ ಬಿಚ್ಚಿದಾಗ ಬೆರಳಾಡಿಸಿ ನೋಡಿ. ಇಲ್ಲದಿದ್ದರೆ ಟ್ಯೂಬ್ ಹಾಕಿಯೇ ಓಡಿಸಿ. ಇದ್ದರೂ ಅಂಚು ತುಕ್ಕು ತಿಂದಿದ್ದರೆ ಗಾಳಿ ನಿಲ್ಲುವುದಿಲ್ಲ. ಟ್ಯೂಬ್ ಹಾಕುವುದಾದರೆ ಹೊಸದನ್ನೇ ಹಾಕಿ, ಅದೂ ಅದೇ ಅಳತೆಯದ್ದು.

800ಗಳಲ್ಲಿ ಬಹುಪಾಲು ಈಗಾಗಲೇ 15 ವರ್ಷ ದಾಟಿವೆ. ಅಂದರೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ಕಾರಿನ ಟಯರಿನಲ್ಲಿ ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವ ಹಾಗಿಲ್ಲ. ಗ್ರಿಪ್ಪಿನ ಸಾಲುಗಳ ನಡುವೆ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ, ರಬ್ಬರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟಯರ್ ಮುಗಿಯಿತು ಅಂತ. ಇನ್ನೊಂದು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. ಟಯರ್ ಅಳತೆಗೆ ಯಾರೂ ದಾರಿಯಲ್ಲಿ ತಡೆದು ನಿಲ್ಲಿಸಿದ್ದನ್ನು ನಾನು ನೋಡಿಲ್ಲ. ಆದರೆ ಅಪಘಾತವಾಗಿ ಇನ್ಶೂರೆನ್ಸ್ ಸರ್ವೇಯರ್ ಬಂದು ನಿಂತಾಗ ಇದು ತಕರಾರಿಗೆ ಒಂದು ದಾರಿ. ಆಲ್ಟೊ ಅಳತೆ, 13 ಇಂಚು ಎರಡಕ್ಕೂ ಈ ಮಾತು ಅನ್ವಯಿಸುತ್ತದೆ.

ಕೈಯಲ್ಲಿ ಎರಡು ಟಯರಿಗೆ ಮಾತ್ರ ದುಡ್ಡಿದ್ದರೆ ಅಳತೆ ಬದಲಿಸುವ ಯೋಚನೆಯೇ ಬೇಡ. ಮೂಲ ಅಳತೆಯ ಎರಡು ಹೊಸದು ತನ್ನಿ, ಅವನ್ನು ಹಿಂದಕ್ಕೆ ಹಾಕಿ, ಹಿಂದಿನ ಹಳೆಯದನ್ನು ಮುಂದಕ್ಕೆ ತನ್ನಿ. ಎಂಜಿನ್ ಎಳೆಯೋದು ಮುಂದಿನ ಚಕ್ರವನ್ನಲ್ವಾ, ಹೊಸದು ಅಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡುವ ಆಸೆ ಯಾರಿಗೂ ಬೇಡ.

ಯಾವ ಬ್ರ್ಯಾಂಡ್ ಅಂತ ಕೇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅಪ್ಪನಿಗೆ ಮಾತ್ರ ಮೈಸೂರಿನ ವಿಕ್ರಾಂತ್ ಟಯರಿನ ಮೇಲೆ ಇವತ್ತಿಗೂ ಪ್ರೀತಿ. ಆ ಕಾರ್ಖಾನೆ 1997ರಲ್ಲೇ ಜೆಕೆ ಟಯರ್ ಕಂಪನಿಯ ಕೈಗೆ ಹೋಯಿತು ಅಂತ ಎಷ್ಟು ಸಲ ಹೇಳಿದರೂ ಅಂಗಡಿಯಲ್ಲಿ ಮೊದಲು ಕೇಳೋದು ಅದನ್ನೇ. ನಾಲ್ಕು ಅಂಕಿಯ ತಾರೀಕು, ಐಎಸ್‌ಐ ಗುರುತು, ಬಿಲ್ಲು, ವಾರಂಟಿ ಕಾರ್ಡು ಇದ್ದರೆ ಹೆಸರಿರುವ ಯಾವ ಕಂಪನಿಯದ್ದಾದರೂ ಆದೀತು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗಾಳಿಯ ವಿಷಯದಲ್ಲಿ ಮಾತ್ರ ಬಂಕಿನ ಹುಡುಗನನ್ನು ನಂಬಬೇಡಿ. ಅವನು ಎಲ್ಲ ಕಾರಿಗೂ ಒಂದೇ ಅಂಕಿ ಹೊಡೆಯುತ್ತಾನೆ. ಕಾರಿನ ಪುಸ್ತಕದಲ್ಲಿರುವುದನ್ನು ಹೇಳಿ ಹಾಕಿಸಿ.

ನಮ್ಮ ಗಾಡಿಗೆ ಕೊನೆಗೆ ಹಾಕಿಸಿದ್ದು ಒಂಬತ್ತು ದಿನ ಕಾದು ತರಿಸಿದ 145/70ರ ನಾಲ್ಕು ಟಯರ್. ಅಪ್ಪನೇ ಕನ್ನಡಕ ಏರಿಸಿಕೊಂಡು ಒಂದೊಂದರ ತಾರೀಕೂ ಓದಿದರು. ಮೂರು ಒಂದೇ ವಾರದವು, ಒಂದು ಎರಡು ವಾರ ಹಿಂದಿನದು. ಆ ಒಂದಕ್ಕೆ ಅವರು ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡೇ ಅಂಗಡಿಯಿಂದ ಎದ್ದಿದ್ದು.